ಮಂದದೃಷ್ಟಿಯ ಮಗು: ತಾಯಿ ಒಂಟಿಯಾಗದಿರಲಿ

ಮಗು ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದುತ್ತದೆ. ಮುಸ್ಸಂಜೆಯಲ್ಲಿ ಬಸದಿಯ ಮೆಟ್ಟಿಲು ಎಡವುತ್ತದೆ. ಕನ್ನಡಕ ಹಾಕಿಸಿದರೂ ಬೋರ್ಡಿನ ಅಕ್ಷರ ಕಾಣದು. ಪರೀಕ್ಷಿಸಿದ ವೈದ್ಯರು ‘ಮಂದದೃಷ್ಟಿ’ ಎನ್ನುತ್ತಾರೆ. ಆದರೆ ಮನೆಗೆ ಬಂದ ತಾಯಿಯ ಕಿವಿಗೆ ಬೀಳುವ ಮೊದಲ ಮಾತೇ ಬೇರೆ: “ನೀನು ಮಾಡಿದ ಕರ್ಮ, ಮಗು ಅನುಭವಿಸ್ತಾ ಇದೆ.”

ಧರ್ಮಬಂಧುಗಳೇ, ಈ ಮಾತು ನಮ್ಮ ಸಿದ್ಧಾಂತಕ್ಕೇ ವಿರುದ್ಧ. ದರ್ಶನಾವರಣೀಯ ಕರ್ಮದ ಒಂಬತ್ತು ಭೇದಗಳಲ್ಲಿ ಚಕ್ಷುದರ್ಶನಾವರಣೀಯವೂ ಒಂದು, ನಿಜ. ಆದರೆ ಒಬ್ಬ ಜೀವನ ಕರ್ಮಫಲವನ್ನು ಇನ್ನೊಬ್ಬ ಜೀವ ಉಣ್ಣುವುದಿಲ್ಲ. ಮೇಲಾಗಿ ಪರರಿಗೆ ದುಃಖ, ಶೋಕ, ತಾಪಗಳನ್ನು ಉಂಟುಮಾಡುವುದು ಅಸಾತಾವೇದನೀಯದ ಬಂಧಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ನೊಂದ ತಾಯಿಯನ್ನು ಚುಚ್ಚುವವರು ತಮ್ಮ ಲೆಕ್ಕವನ್ನೇ ಬೆಳೆಸಿಕೊಳ್ಳುತ್ತಾರೆ.

ಕನ್ನಡಕ, ಚಿಕಿತ್ಸೆಗಳ ನಂತರವೂ ಉತ್ತಮ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆಯಿದ್ದು 3/60ರವರೆಗೆ ಉಳಿದಿದ್ದರೆ ಅದು ಮಂದದೃಷ್ಟಿ. ಇದು ಪೂರ್ಣ ಕುರುಡಲ್ಲ. ಉಳಿದ ದೃಷ್ಟಿಯನ್ನು ಬಳಸಿದಷ್ಟೂ ಒಳ್ಳೆಯದು. ಹತ್ತಿರ ಹಿಡಿದು ಓದಿದರೆ ಕಣ್ಣು ಸವೆಯುವುದಿಲ್ಲ. ಅದಕ್ಕಾಗಿ ಮಗುವನ್ನು ಗದರಿಸಬೇಡಿ. “ದಾನದ ಕಣ್ಣು ಹಾಕಿಸಿ” ಎನ್ನುವವರೂ ಉಂಟು. ನೇತ್ರದಾನದಿಂದ ಸರಿಯಾಗುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದ ದೋಷ. ಒಳಗಿನ ಅಕ್ಷಿಪಟಲದ ದೋಷವಲ್ಲ. ಸೋದರಿಕೆಯಲ್ಲಿ ಮದುವೆಯಾದ ಮನೆಗಳಲ್ಲಿ ಕೆಲವು ವಂಶವಾಹಿ ದೋಷಗಳು ತಂದೆ-ತಾಯಿ ಇಬ್ಬರಿಂದಲೂ ಬಂದು ಮಗುವಿನಲ್ಲಿ ಕಾಣಿಸಿಕೊಳ್ಳಬಹುದು. ಇಬ್ಬರಿಂದಲೂ ಬಂದದ್ದಕ್ಕೆ ಸೊಸೆಯೊಬ್ಬಳನ್ನೇ ದೂರುವುದು ಯಾವ ನ್ಯಾಯ?

ಗುಡಿಬಂಡೆ, ಮಡಕಶಿರಾ, ರಾಯದುರ್ಗದ ಕಡೆಯ ಕನ್ನಡ ಮನೆಗಳಿಗೆ ಇನ್ನೊಂದು ತೊಡಕಿದೆ. ಮಾತು ಕನ್ನಡ, ಕಚೇರಿ ತೆಲುಗು. 2022ರಲ್ಲಿ ಜಿಲ್ಲೆಯೂ ಎರಡಾಯಿತು. ಅಂಗವಿಕಲ ಪ್ರಮಾಣಪತ್ರಕ್ಕೆ ಗುಡಿಬಂಡೆ, ಮಡಕಶಿರಾದವರು ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ, ರಾಯದುರ್ಗದವರು ಅನಂತಪುರ ಜಿಲ್ಲೆಯಲ್ಲಿ ಅರ್ಜಿ ಹಾಕಬೇಕು. ಪ್ರಮಾಣಪತ್ರ ಮಾತ್ರ ದೇಶದಾದ್ಯಂತ ಸಲ್ಲುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪರೀಕ್ಷೆಗೆ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಇವುಗಳ ಉಲ್ಲೇಖವಿದೆ. ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ. ಮುಖ್ಯೋಪಾಧ್ಯಾಯರಲ್ಲಿ ಇದನ್ನು ಬರವಣಿಗೆಯಲ್ಲೇ ಕೇಳಿ. ತಪಾಸಣೆಗೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಿದೆ. 1987ರಲ್ಲಿ ಆರಂಭವಾದ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ಮಂದದೃಷ್ಟಿಯವರಿಗೆ ತರಬೇತಿಯೂ ದೊರೆಯುತ್ತದೆ.

ಮನೆಯಲ್ಲಿ ಮಾಡಬಹುದಾದದ್ದಕ್ಕೆ ಹೆಚ್ಚು ಖರ್ಚಿಲ್ಲ. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಅನ್ನ, ಮೊಸರು ಕಾಣುವುದು ಕಷ್ಟ. ಬಾಳೆಲೆಯಲ್ಲೋ ಗಾಢ ಬಣ್ಣದ ತಟ್ಟೆಯಲ್ಲೋ ಬಡಿಸಿ. ಓದುವಾಗ ದೀಪದ ಬೆಳಕು ಪುಸ್ತಕದ ಮೇಲೆ ಬೀಳಲಿ, ಕಣ್ಣಿಗೆ ಹೊಡೆಯದಿರಲಿ. ದಪ್ಪ ಕಪ್ಪು ಶಾಯಿಯಲ್ಲಿ ದೊಡ್ಡದಾಗಿ ಬರೆದುಕೊಡಿ. ಸಾಮಾನುಗಳನ್ನು ಇಟ್ಟ ಜಾಗದಲ್ಲೇ ಇಡಿ.

ತಾಯಿಯ ಆಯಾಸವನ್ನು ಮಾತ್ರ ಯಾವ ಪ್ರಮಾಣಪತ್ರವೂ ಕಳೆಯದು. ಆಸ್ಪತ್ರೆಯ ಒಂದು ಸರದಿ ತಂದೆಯದಾಗಲಿ. ಸಂಜೆ ಒಂದು ಗಂಟೆ ಅಜ್ಜಿ ಮಗುವಿಗೆ ಪಾಠ ಓದಿ ಹೇಳಲಿ, ತಾಯಿ ಆ ಹೊತ್ತು ಸಾಮಾಯಿಕಕ್ಕೆ ಕೂರಲಿ, ಇಲ್ಲವೇ ಸುಮ್ಮನೆ ವಿಶ್ರಮಿಸಲಿ. “ಅಣ್ಣನನ್ನು ನೋಡ್ಕೋ” ಎಂಬ ಒಂದೇ ಮಾತು ಕೇಳಿ ಬೆಳೆಯುವ ತಂಗಿಗೂ ಅವಳದೇ ಆದ ಆಟದ ಹೊತ್ತು ಬೇಕು.

ಸಮಾಜದ ಪಾಲೂ ಇದೆ. ಬಸದಿಯ ಮೆಟ್ಟಿಲಂಚಿಗೆ ಹಳದಿ ಪಟ್ಟಿ ಬಳಿಯಿಸಿ. ಪಾಠಶಾಲೆಯಲ್ಲಿ ಆ ಮಗುವನ್ನು ಮುಂದೆ ಕೂರಿಸಿ. ತೆಲುಗು ಬಲ್ಲವರು ಒಬ್ಬರು ಕಚೇರಿಗೆ ಜೊತೆ ಹೋಗಿ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣ, ವಾತ್ಸಲ್ಯಗಳನ್ನು ನಾವು ಬಾಯಿಪಾಠ ಮಾಡಿದ್ದೇವೆ. ಜಾರುವವರನ್ನು ಹಿಡಿದು ನಿಲ್ಲಿಸುವುದು ಮೊದಲನೆಯದು, ಸಾಧರ್ಮಿಗಳಲ್ಲಿ ನಿಷ್ಕಪಟ ಪ್ರೀತಿ ಎರಡನೆಯದು. ಈ ಬಾರಿ ಅಂಥ ಮನೆಗೆ ಹೋದಾಗ “ಯಾಕೆ ಹೀಗಾಯ್ತು?” ಎನ್ನದೆ, “ನಾಳೆ ಆಸ್ಪತ್ರೆಗೆ ನಾನು ಬರಲೇನಮ್ಮ?” ಎಂದು ಕೇಳೋಣ.