ಕೋಟೆಯ ನಲಿ-ಕಲಿಗೆ ಹಾಡಿಯ ಹಾಡು

ಮಕ್ಕಳು ಬೆಂಚು ಬಿಟ್ಟು ನೆಲದ ಮೇಲೆ ದುಂಡಗೆ ಕೂತು, ಕೈಯಲ್ಲಿ ಕಾರ್ಡು ಹಿಡಿದು, ಹಾಡಿಕೊಂಡು ಅಕ್ಷರ ಕಲಿಯುವ ನಲಿ-ಕಲಿ ಈಗ ನಾಡಿಗೆಲ್ಲ ಗೊತ್ತು. ಅದು ಹುಟ್ಟಿದ್ದು ಹೆಗ್ಗಡದೇವನಕೋಟೆಯಲ್ಲಿ. 1995ರಲ್ಲಿ ಆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ನೆರವಾಯಿತು. ಕೋಟೆಯಲ್ಲಿ ಬೇರೂರಿದ್ದು ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು.

ಆದರೆ ಆ ಹಾಡುಗಳು ಕನ್ನಡದವು. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನಲ್ಲಿರುವ ಗಿರಿಜನರ ಹಾಡಿಗಳಿಂದ ಬರುವ ಜೇನುಕುರುಬರ ಮಗು ಮನೆಯಲ್ಲಿ ಆಡುವುದು ಜೇನುನುಡಿ. ಬೆಟ್ಟಕುರುಬರ ಮಾತೇ ಬೇರೆ, ಎರವರದು ಇನ್ನೊಂದು. ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಮಕ್ಕಳದು ಗುಜರಾತಿಗೆ ಹತ್ತಿರವಾದ ವಾಗ್ರಿ. ಕೆ.ಆರ್. ನಗರದ ಕಡೆಯ ಗದ್ದೆಬಯಲಿನ ಊರುಗಳಲ್ಲಿ ಈ ತೊಡಕು ಅಷ್ಟಾಗಿ ಇಲ್ಲ. ಹಾಡಿಯ ಮಗುವಿಗೋ, ಒಂದನೇ ತರಗತಿಯ ನಲಿದಾಟವೂ ಪರಭಾಷೆಯದೇ.

2011ರ ಜನಗಣತಿಯ ಪ್ರಕಾರ ಜೇನುಕುರುಬರು ಸುಮಾರು 36 ಸಾವಿರ. ಅವರ ನುಡಿಗೆ ಸ್ವಂತ ಲಿಪಿಯಿಲ್ಲ, ಬಾಯಿಂದ ಬಾಯಿಗೆ ದಾಟಿ ಬಂದದ್ದು. ಅದರ ದೊಡ್ಡ ಪಾಲು ಹಾಡಿನಲ್ಲಿದೆ. ಜೇನು ಕೀಳುವಾಗ ಹುಳುಗಳನ್ನು ಓಲೈಸಿ ಹಾಡುವುದುಂಟು. ಹೆಜ್ಜೇನು ಎಲ್ಲಿ ಕಟ್ಟುತ್ತದೆ, ತುಡುವೆ ಎಲ್ಲಿ ಸೇರುತ್ತದೆ ಎಂಬ ತಿಳಿವೂ ಆ ನುಡಿಯೊಳಗೇ ಇದೆ. ನಾಗರಹೊಳೆಯಿಂದ ಹೊರಬಂದು ಹುಣಸೂರಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಹುಟ್ಟಿದ ಮಕ್ಕಳಿಗೆ ಕಾಡಿನ ಮರಗಳ ಪರಿಚಯವಾಗಬೇಕಾದರೆ ಹಾಡಿನಲ್ಲೇ ಆಗಬೇಕು.

ಇನ್ನು ಹಾಡಿಯವರ ಕುಂಡೆಹಬ್ಬ. ಮೇ ತಿಂಗಳಲ್ಲಿ, ನಾಗರಹೊಳೆಯ ಆಚೆ ಮಗ್ಗುಲಿನ ಕೊಡಗಿನ ದೇವರಪುರದಲ್ಲಿ ಅದರ ಅಬ್ಬರ ನೋಡಬೇಕು. ಗಂಡಸರು ಸೀರೆಯುಟ್ಟು, ಬಣ್ಣ ಬಳಿದುಕೊಂಡು, ಸೋರೆಬುರುಡೆ, ಡಬ್ಬ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತ, ದಾರಿಹೋಕರಿಂದ ಕಾಸು ಕೀಳುತ್ತ, ಕೇಳಬಾರದ ಬೈಗುಳಗಳನ್ನು ಹಾಡಾಗಿ ಸುರಿಸುತ್ತಾರೆ. ಬೈಗುಳ ದೇವರಿಗೂ ಸಲ್ಲುತ್ತದೆ: ತಮ್ಮನ್ನು ಕರೆತಂದು ನಡುದಾರಿಯಲ್ಲಿ ಕೈಬಿಟ್ಟನೆಂಬ ಸಿಟ್ಟು. ಪಠ್ಯಪುಸ್ತಕ ಸಮಿತಿ ಇದನ್ನು ಒಪ್ಪಲಿಕ್ಕಿಲ್ಲ, ಒಪ್ಪುವುದೂ ಬೇಡ. ಆದರೆ ದೇವರನ್ನೇ ತರಾಟೆಗೆ ತೆಗೆದುಕೊಳ್ಳುವ ಜನರ ಮಕ್ಕಳು ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ, 'ದಡ್ಡರು' ಎಂದು ನಾವು ಷರಾ ಬರೆಯುತ್ತೇವಲ್ಲ, ಅದು ಯಾವ ನ್ಯಾಯ?

ಪಕ್ಕದಲ್ಲೇ ಇನ್ನೊಂದು ಲೋಕವಿದೆ. 1960ರ ಸುಮಾರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೂ, 1972ರಲ್ಲಿ ಹುಣಸೂರಿನ ಗುರುಪುರಕ್ಕೂ ಬಂದು ನೆಲೆಸಿದ ಟಿಬೆಟನ್ನರು ತಮ್ಮ ಶಾಲೆಗಳಲ್ಲಿ ಎಳೆಯರಿಗೆ ಸ್ವಂತ ಭಾಷೆಯಲ್ಲೇ ಪಾಠ ಹೇಳುತ್ತಾರೆ; ತಂತಿವಾದ್ಯ ಡ್ರಾಮ್‌ನ್ಯೆನ್ ಜೊತೆಗೆ ಹಾಡು, ಕುಣಿತ ಕಲಿಸುತ್ತಾರೆ. ದೇಶ ಬಿಟ್ಟು ಬಂದವರಿಗೆ ಈ ನೆಲದಲ್ಲಿ ಸಾಧ್ಯವಾದದ್ದು ಈ ನೆಲದವರಿಗೇ ಆಗಿಲ್ಲ. ಟಿಬೆಟನ್ನರ ಮೇಲೆ ಹೊಟ್ಟೆಕಿಚ್ಚಲ್ಲ ಇದು; ಶಾಲೆ ಅವರ ಕೈಯಲ್ಲಿದೆ, ಹಾಡಿಯವರ ಶಾಲೆ ಇಲಾಖೆಯ ಕೈಯಲ್ಲಿದೆ.

ಪ್ರಯತ್ನಗಳೇ ಇಲ್ಲವೆಂದಲ್ಲ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೋಟೆಯ ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳಿಗಾಗಿಯೇ ಶಾಲೆ ನಡೆಸುತ್ತಿದೆ; ಸರಗೂರಿನಲ್ಲಿ ಅದರದೇ ಸಮುದಾಯ ಬಾನುಲಿ 'ಜನಧ್ವನಿ' ಇದೆ. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ. ಅದರ ಮೊದಲ ನಿರ್ದೇಶಕ ಡಿ.ಪಿ. ಪಟ್ಟನಾಯಕ್ ಮಗುವಿನ ಮೊದಲ ಪಾಠ ತಾಯ್ನುಡಿಯಲ್ಲಾಗಲಿ ಎಂದು ವಾದಿಸುತ್ತಲೇ ಬಂದವರು. 2020ರ ಶಿಕ್ಷಣ ನೀತಿಯೂ ಅದನ್ನೇ ಹೇಳಿತು. ಹಾಡಿಯ ಕುಣಿತ ಮಾತ್ರ ಸಭೆ-ಸಮಾರಂಭದಲ್ಲಿ ಅತಿಥಿಗಳನ್ನು ಸ್ವಾಗತಿಸುವುದಕ್ಕೇ ಹೆಚ್ಚು ಬಳಕೆಯಾಗುತ್ತಿದೆ.

ಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ವಾರಕ್ಕೆ ಎರಡು ದಿನ ಹಾಡಿಯ ಒಬ್ಬ ಅಜ್ಜಿ ನಲಿ-ಕಲಿ ಕೋಣೆಗೆ ಬಂದು ಮಕ್ಕಳ ನಡುವೆ ಕೂತು ಹಾಡಲಿ, ಮೇಷ್ಟ್ರೂ ಜೊತೆಗೆ ಕಲಿಯಲಿ. ಜೇನುಕುರುಬ, ಎರವ, ಗೌಡರ ಮಕ್ಕಳು ಒಂದೇ ಕೋಣೆಯಲ್ಲಿದ್ದರೆ ಸರದಿಯ ಮೇಲೆ ಹಾಡಿದರಾಯಿತು. ಆಗ ಕಚೇರಿಯಲ್ಲಿ ಏಳುವ ಪ್ರಶ್ನೆ ಒಂದೇ: ಅಜ್ಜಿಗೆ ಗೌರವಧನ ಯಾವ ಲೆಕ್ಕಶೀರ್ಷಿಕೆಯಲ್ಲಿ ಕೊಡುವುದು? ಬಿಸಿಯೂಟದ ಅಡುಗೆಯವರಿಗೆ ಒಂದಿದೆ, ಅತಿಥಿ ಶಿಕ್ಷಕರಿಗೆ ಒಂದಿದೆ. ಇದಕ್ಕೂ ಒಂದು ತೆರೆಯಬಹುದು.