ಒಡೆಯದೆ ಒಡಕನ್ನು ಕಾಣುವ ಬಗೆ

ಬಾಳೆಹೊಸೂರಿನಂತಹ ಊರಿನಲ್ಲಿ ಬೇಸಗೆಗೆಂದು ಹೊಸ ಗಡಿಗೆಯನ್ನು ಕೊಳ್ಳುವವರು ಮೊದಲು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ‘ಠಣ್’ ಎಂಬ ನಾದವು ಹೊರಟರೆ ಗಡಿಗೆ ಗಟ್ಟಿ. ದನಿಯು ಬೇಗನೆ ಅಡಗಿದರೆ ಎಲ್ಲಿಯೋ ಬಿರುಕಿದೆ. ಬಿರುಕಿನ ಎರಡು ಮುಖಗಳು ಒಂದನ್ನೊಂದು ಉಜ್ಜಿ ಕಂಪನದ ಶಕ್ತಿಯನ್ನು ಹೀರುವುದೇ ಇದಕ್ಕೆ ಕಾರಣ. ವಸ್ತುವನ್ನು ಕೆಡಿಸದೆ ಅದರ ಒಳದೋಷವನ್ನು ಅರಿಯುವ ಇಂತಹ ಉಪಾಯಗಳಿಗೆ ಅವಿನಾಶಕ ಪರೀಕ್ಷೆಗಳೆಂದು ಹೆಸರು.

ಈಗ ಆ ಊರಿಗೆ ವಿದ್ಯುತ್ತನ್ನು ತರುವ ಕಂಬಗಳತ್ತ ದೃಷ್ಟಿ ಹಾಯಿಸೋಣ. ಅಲ್ಲಿನ ಪಿಂಗಾಣಿಯೂ ಸುಟ್ಟ ಮಣ್ಣೇ. ತಂತಿಯ ಭಾರವನ್ನು ಹೊರುವುದು, ವಿದ್ಯುತ್ತು ಕಂಬಕ್ಕೆ ಹರಿಯದಂತೆ ತಡೆಯುವುದು, ಈ ಎರಡೂ ಅದರ ಹೊಣೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಆರಂಭವಾಗಿ, 1976ರಲ್ಲಿ ಬಿ.ಎಚ್.ಇ.ಎಲ್. ಸಂಸ್ಥೆಗೆ ಸೇರಿದ ಬೆಂಗಳೂರಿನ ಪಿಂಗಾಣಿ ಕಾರ್ಖಾನೆಯು ಇಂತಹ ವಿದ್ಯುನ್ನಿರೋಧಕಗಳನ್ನು ತಯಾರಿಸುತ್ತ ಬಂದಿತು. ಇದರಲ್ಲಿ ಬಿರುಕು ಉಳಿದರೆ ತಂತಿಯು ಕಳಚಿ ಬೀಳಬಹುದು. ಕಂಬವನ್ನು ಮುಟ್ಟಿದವನ ಪ್ರಾಣಕ್ಕೇ ಅಪಾಯವಾಗಬಹುದು.

ಕೂದಲೆಳೆಯಷ್ಟು ಬಿರುಕಿಗೆ ಇಷ್ಟೇಕೆ ಅಂಜಬೇಕು? ಎಳೆತಕ್ಕೆ ಸಿಕ್ಕಿದ ವಸ್ತುವಿನಲ್ಲಿ ಬಿರುಕಿನ ತುದಿಯ ಮೇಲೆ ಒತ್ತಡವು ಹಲವು ಮಡಿ ಹೆಚ್ಚುತ್ತದೆ. ಕಬ್ಬಿಣವು ಅಲ್ಲಿ ತುಸು ಮಣಿದು ಒತ್ತಡವನ್ನು ಹಂಚಿಕೊಳ್ಳುತ್ತದೆ. ಪಿಂಗಾಣಿಗೆ ಮಣಿಯುವ ಗುಣವಿಲ್ಲ, ಅದು ಥಟ್ಟನೆ ಸೀಳುತ್ತದೆ. ಗಾಜಿನ ಮೇಲೆ ಪ್ರಯೋಗ ನಡೆಸಿ ಈ ತತ್ತ್ವವನ್ನು ಗ್ರಿಫಿತ್ ಎಂಬ ಆಂಗ್ಲ ವಿಜ್ಞಾನಿಯು 1921ರಲ್ಲಿ ಪ್ರಕಟಿಸಿದನು.

ದಪ್ಪನೆಯ ಪಿಂಗಾಣಿಯ ಒಡಲನ್ನು ಪರೀಕ್ಷಿಸಲು ಬೆರಳ ತಟ್ಟು ಸಾಲದು. ಅಲ್ಲಿ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯನ್ನು ಕಳುಹಿಸುತ್ತಾರೆ. ಪಿಂಗಾಣಿಯಲ್ಲಿ ಧ್ವನಿಯ ವೇಗವು ಸೆಕೆಂಡಿಗೆ ಸುಮಾರು 6000 ಮೀಟರ್ ಎಂದಿಟ್ಟುಕೊಳ್ಳೋಣ. 12 ಸೆಂಟಿಮೀಟರ್ ದಪ್ಪದ ಕಂಬಿಯ ಹಿಂಬದಿಯಿಂದ ಪ್ರತಿಧ್ವನಿಯು ಮರಳಲು ಸೆಕೆಂಡಿನ ಹತ್ತು ಲಕ್ಷದಲ್ಲಿ 40 ಪಾಲು ಕಾಲ ಬೇಕು. 20 ಪಾಲಿನಲ್ಲಿಯೇ ಒಂದು ಪ್ರತಿಧ್ವನಿ ಬಂದರೆ, ನಡುವೆ 6 ಸೆಂಟಿಮೀಟರ್ ಆಳದಲ್ಲಿ ದೋಷವಿದೆಯೆಂದು ತಿಳಿಯಬಹುದು.

ಮೇಲ್ಮೈಯ ಸೂಕ್ಷ್ಮ ಬಿರುಕಿಗೆ ಬಣ್ಣದ ದ್ರವವನ್ನು ಸವರಿ ಒರೆಸಿದರೆ, ಒಳಸೇರಿದ ಬಣ್ಣವು ಮತ್ತೆ ಒಸರಿ ಗೆರೆಯನ್ನು ತೋರಿಸುತ್ತದೆ. ಕ್ಷ-ಕಿರಣವು ಒಳಗಿನ ಪೊಳ್ಳನ್ನು ತೋರಿಸುತ್ತದೆ. ಆದರೆ ಕಿರಣದ ದಾರಿಗೆ ಅಡ್ಡವಾಗಿ ಮಲಗಿದ ತೆಳುಬಿರುಕು ಅದರ ಕಣ್ಣಿಗೆ ಬೀಳದು. ಅದೇ ಬಿರುಕು ಧ್ವನಿಗೆ ಎದುರಾದರೆ ಸ್ಪಷ್ಟವಾದ ಪ್ರತಿಧ್ವನಿಯನ್ನು ಕೊಡುತ್ತದೆ. ಧ್ವನಿಗೂ ಮಿತಿಯುಂಟು: ತರಂಗದೂರಕ್ಕಿಂತ ಬಹಳ ಚಿಕ್ಕದಾದ ದೋಷವು ಅದರಿಂದ ನುಣುಚಿಕೊಳ್ಳುತ್ತದೆ.

ಆದುದರಿಂದ ‘ದೋಷ ಕಾಣಲಿಲ್ಲ’ ಎಂಬುದು ‘ದೋಷವಿಲ್ಲ’ ಎಂಬುದಕ್ಕೆ ಸಮನಲ್ಲ. ಒಂದು ಪರೀಕ್ಷೆಯ ಕುರುಡನ್ನು ಇನ್ನೊಂದು ತುಂಬಬೇಕು. ಗಡಿಗೆಯನ್ನು ತಟ್ಟಿದವರೂ ಅಷ್ಟಕ್ಕೇ ತೃಪ್ತರಾಗದೆ ನೀರು ತುಂಬಿ ನೋಡುತ್ತಾರಲ್ಲವೆ?