ಒಂದೂಕಾಲು ಇಂಚಿಗೆ 900 ಕೋಟಿ ಡಾಲರ್

2010ರ ಜನವರಿಯಲ್ಲಿ ಒರಾಕಲ್ ಕಂಪನಿ ಸನ್ ಮೈಕ್ರೋಸಿಸ್ಟಮ್ಸನ್ನು ಕೊಂಡಿತು. ಯಂತ್ರ, ಪೇಟೆಂಟ್, ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಎಲ್ಲ ಸೇರಿ 740 ಕೋಟಿ ಡಾಲರಿನ ವ್ಯವಹಾರ. ಆಗಸ್ಟಿನಲ್ಲೇ ಗೂಗಲ್ ಮೇಲೆ ದಾವೆ ಹೂಡಿತು. ಆಂಡ್ರಾಯ್ಡಿಗಾಗಿ ಗೂಗಲ್ ಜಾವಾದ 37 ಪ್ಯಾಕೇಜುಗಳ ಘೋಷಣಾ ಸಾಲುಗಳನ್ನು ಇದ್ದ ಹಾಗೆಯೇ ಎತ್ತಿಕೊಂಡು, ಒಳಗಿನ ಕೆಲಸವನ್ನು ತಾನೇ ಹೊಸದಾಗಿ ಬರೆದಿತ್ತು. ಮುಂದೆ ಒರಾಕಲ್ ಕೇಳಿದ ಪರಿಹಾರ ಸುಮಾರು 900 ಕೋಟಿ ಡಾಲರ್. ಇಡೀ ಸನ್ ಕಂಪನಿಗೆ ಕೊಟ್ಟದ್ದಕ್ಕಿಂತ ಹೆಚ್ಚು!

ಎತ್ತಿಕೊಂಡದ್ದೆಷ್ಟು? ಜಾವಾದ 28.6 ಲಕ್ಷ ಸಾಲುಗಳಲ್ಲಿ ಸುಮಾರು 11,500, ಅಂದರೆ ಶೇಕಡಾ 0.4. ಒಂಬತ್ತು ಗಜದ ಇಳಕಲ್ ಸೀರೆ ಹಾಸಿ ಅಳೆದರೆ ಒಂದೂಕಾಲು ಇಂಚಿಗಿಂತ ತುಸು ಜಾಸ್ತಿ.

ಆದರೆ ಎಲ್ಲಿಯ ಒಂದೂಕಾಲು ಇಂಚು? ಇಳಕಲ್ಲಿನ ಮಗ್ಗದಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ, ಒಂದರೊಳಗೊಂದು ಸಿಕ್ಕಿಸಿ ಜೋಡಿಸುತ್ತಾರೆ. ಸಾವಿರಾರು ಎಳೆ. ಅದಕ್ಕೆ ಕೊಂಡಿ ಅನ್ನುತ್ತಾರೆ. ಘೋಷಣಾ ಸಾಲೂ ಕೊಂಡಿಯೇ: ಪ್ರೋಗ್ರಾಮರ್ ಬರೆದದ್ದು ಭಾಷೆಯ ಒಳಯಂತ್ರಕ್ಕೆ ಸೇರುವುದು ಅಲ್ಲೇ. ಅದು ಒಬ್ಬರ ಸೊತ್ತಾದರೆ ಜಾವಾ ಕಲಿತ ಲಕ್ಷಾಂತರ ಜನರ ವಿದ್ಯೆಗೂ ಬೀಗ ಬೀಳುತ್ತದೆ.

2021ರ ಏಪ್ರಿಲ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್ 6–2ರಲ್ಲಿ ಗೂಗಲ್ ಮಾಡಿದ್ದು ನ್ಯಾಯಯುತ ಬಳಕೆ ಎಂದಿತು. ಆ ಸಾಲುಗಳಿಗೆ ಕೃತಿಸ್ವಾಮ್ಯ ಇದೆಯೇ ಎಂಬ ಮೂಲ ಪ್ರಶ್ನೆಯನ್ನು ಮಾತ್ರ ಮುಟ್ಟಲಿಲ್ಲ. ಯುರೋಪಿನ ನ್ಯಾಯಾಲಯ 2012ರಲ್ಲೇ ಪ್ರೋಗ್ರಾಮಿಗಿರುವ ಕೃತಿಸ್ವಾಮ್ಯದ ರಕ್ಷಣೆ ಪ್ರೋಗ್ರಾಮಿಂಗ್ ಭಾಷೆಗಿಲ್ಲ ಎಂದು ಹೇಳಿತ್ತು. ನನಗೆ ಅದೇ ಸರಿ. ಬಾದಾಮಿಯ ಬಂಡೆಯಲ್ಲಿ ಸುಮಾರು 1300 ವರ್ಷದ ಹಿಂದೆ ಕೆತ್ತಿದ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿ ಛಂದಸ್ಸಿನಲ್ಲೇ ಸರ್ವಜ್ಞ ಹಾಡಿದ, ಬೀಸುಕಲ್ಲಿನ ಮುಂದೆ ಹೆಣ್ಣುಮಕ್ಕಳೂ ಹಾಡಿದರು. ಯಾರೂ ಅಪ್ಪಣೆ ಕೇಳಬೇಕಾಗಿರಲಿಲ್ಲ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿ. ಬರೆದವರು ತೀರಿಕೊಂಡ ಮೇಲೂ 60 ವರ್ಷ ರಕ್ಷಣೆ. ಕಾನೂನುಬದ್ಧವಾಗಿ ಪಡೆದ ಪ್ರೋಗ್ರಾಂ ಹೇಗೆ ನಡೆಯುತ್ತದೆಂದು ಪರೀಕ್ಷಿಸಿ ಅದರ ತತ್ತ್ವ ತಿಳಿಯುವುದಕ್ಕೆ 52ನೇ ಕಲಂ ಅವಕಾಶ ಕೊಟ್ಟಿದೆ.

ಸೀರೆಯ ದಡಿಯ ಹೊಸ ವಿನ್ಯಾಸಕ್ಕೋ? ನೋಂದಾಯಿಸಿದರೆ ಹೆಚ್ಚೆಂದರೆ 15 ವರ್ಷ. ನೋಂದಾಯಿಸದೆ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತೆಗೆದರೆ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮಿನಂತೆ ಕೃತಿಸ್ವಾಮ್ಯವೇ ಹೋಯಿತು. ಇಳಕಲ್, ಹುನಗುಂದ, ಗುಳೇದಗುಡ್ಡದಲ್ಲಿ ಹೊಸ ವಿನ್ಯಾಸ ಹೂಡುವವರಿಗೆಲ್ಲ ಈ 50ರ ಲೆಕ್ಕ ಗೊತ್ತಿರಬೇಕು. ನೋಂದಣಿ ಅರ್ಜಿ ಹೋಗಬೇಕಾದದ್ದು ಮೊದಲ ಸೀರೆ ಪೇಟೆ ಮುಟ್ಟುವ ಮುಂಚೆ.